ಹಾಲಿ, ಕಲ್ದಾರ ಮತ್ತು ಮಲ್ಕಾಜ್‌ಗಿರಿ

ಸೊಲ್ಲಾಪುರದಲ್ಲಿ ರಾತ್ರಿ ರೈಲನ್ನೇರಿ, ಕಲಬುರಗಿ, ವಾಡಿ, ತಾಂಡೂರುಗಳನ್ನು ಅರೆನಿದ್ದೆಯಲ್ಲಿ ದಾಟಿ, ಹೊತ್ತೇರುವ ವೇಳೆಗೆ ಸಿಕಂದರಾಬಾದನ್ನು ಸೇರಿದ ನಾನು, ಅಲ್ಲಿಂದ ಬೊಲಾರಮ್ಮಿನ ಕಡೆಗೆ ಹೋಗುವ ಸ್ಥಳೀಯ ಗಾಡಿಯಲ್ಲಿ ಕುಳಿತು ಮಲ್ಕಾಜ್‌ಗಿರಿಯಲ್ಲಿ ಇಳಿದೆನು. ಮೂರು ರಾಜ್ಯಗಳ ಸೀಮೆಯನ್ನು ತುಳಿದಿದ್ದರೂ ದಾರಿಯಲ್ಲಿ ಯಾರೊಬ್ಬರೂ ನನ್ನ ಗಂಟನ್ನು ಬಿಚ್ಚಿಸಲಿಲ್ಲ. ರೊಕ್ಕ ಬದಲಿಸಿಕೊಳ್ಳೆಂದು ಹೇಳಲಿಲ್ಲ. ಇದು ಎಷ್ಟು ದೊಡ್ಡ ಸಂಗತಿಯೆಂಬುದು ನನಗೆ ತಿಳಿದದ್ದು, ನಿಲ್ದಾಣದ ಸಮೀಪದಲ್ಲಿ ಮಗನ ಮನೆಯಲ್ಲಿರುವ ಕಲಬುರಗಿ ಸೀಮೆಯ ವೃದ್ಧರೊಬ್ಬರ ಮುಂದೆ ಕುಳಿತ ಮೇಲೆ. ಅವರ ತಂದೆ ಲಾಲಾಗುಡದ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು.

"ನಮ್ಮಪ್ಪಗ ಪಗಾರ ಹಾಲಿ ರೊಕ್ಕದಾಗ ಬರ್ತಿತ್ತು ತಮ್ಮಾ. ಸೊಲ್ಲಾಪುರದಾಗ ನಮ್ಮತ್ತಿ ಮನಿಗೆ ಹೋಗಬೇಕಂದ್ರ ಕಲ್ದಾರ ಬೇಕು. ಏಳು ಹಾಲಿ ಕೊಟ್ರ ಆರು ಕಲ್ದಾರ. ಮ್ಯಾಲೆ ಗಡಿಯೊಳಗ ಕರೋಡಗಿರಿಯವರ ಕಾಟ."

"ಮುತ್ಯಾ, ಅದು ಬ್ಯಾರೆ ದೇಶ ಅಂತ ಅನಸ್ತಿತ್ತೇನು?" ಎಂದು ಕೇಳಿದೆನು.

"ದೇಶ ಯಾವುದೋ ಗೊತ್ತಿದ್ದಿಲ್ಲ, ರೊಕ್ಕ ಬ್ಯಾರೆ ಅನ್ನೋದು ಗೊತ್ತಿತ್ತು."

ಆ ಮಾತಿನಲ್ಲಿ ಒಂದು ಯುಗದ ಅರ್ಥಶಾಸ್ತ್ರವೇ ಅಡಗಿದೆ. ಹಾಲಿಯೆಂದರೆ ನಿಜಾಮರ ಸಿಕ್ಕೆ, ಕಲ್ದಾರವೆಂದರೆ ಬ್ರಿಟಿಷ್ ಭಾರತದ ರೂಪಾಯಿ, ಕರೋಡಗಿರಿಯೆಂದರೆ ಸುಂಕದ ಇಲಾಖೆ. ಸುಮಾರು 82,000 ಚದರ ಮೈಲಿಗಳ ವಿಸ್ತೀರ್ಣವನ್ನೂ ಒಂದೂವರೆ ಕೋಟಿಗೂ ಮಿಕ್ಕ ಪ್ರಜೆಗಳನ್ನೂ ಹೊಂದಿದ್ದ ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ನಾಣ್ಯ, ಅಂಚೆ, ಸೈನ್ಯ, ರೈಲುಗಳಿದ್ದವು, ಇಲ್ಲದಿದ್ದುದು ಸಮುದ್ರ. ಸುತ್ತಲೂ ಭಾರತವೇ ಆವರಿಸಿದ್ದ ಆ ನಾಡು, ನೆರೆಯ ನೆಲವನ್ನು ದಾಟದೆ ಹೊರಜಗತ್ತಿನ ಒಂದು ಹಡಗನ್ನೂ ಮುಟ್ಟುವಂತಿರಲಿಲ್ಲ.

ಮಧ್ಯಾಹ್ನ ಮತ್ತೆ ಗಾಡಿಯನ್ನೇರಿ ಉತ್ತರಕ್ಕೆ ಸಾಗಿದೆನು. ಒಂದಾನೊಂದು ಕಾಲದಲ್ಲಿ ಮನಮಾಡಿನವರೆಗೆ ಮೀಟರ್‌ಗೇಜಿನಲ್ಲಿ ಓಡುತ್ತಿದ್ದ ನಿಜಾಮರ ಮಾರ್ಗವಿದು. ಸಫಿಲ್‌ಗುಡ, ಅಮ್ಮುಗುಡ ಕಳೆದೊಡನೆ ಬರುವ ನಿಲ್ದಾಣದ ಹೆಸರೇ ಕ್ಯಾವಲ್ರಿ ಬ್ಯಾರಕ್ಸ್. 1798ರ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ನೆಲೆಯಿತ್ತ ದೊರೆತನ, ಪ್ರಬಲನಾದ ನೆರೆಯವನನ್ನು ಅಂದಿನಿಂದಲೇ ತನ್ನ ಅಂಗಳದಲ್ಲಿ ಇರಿಸಿಕೊಂಡಿದ್ದಿತೆಂಬುದಕ್ಕೆ ಆ ಫಲಕವೊಂದೇ ಸಾಕ್ಷಿ. ಇನ್ನೂ ಮುಂದೆ ಹೋದರೆ ಬೊಲಾರಮ್. 1947ರ ನವೆಂಬರ್ 29ರಂದು ಭಾರತಕ್ಕೂ ಸಂಸ್ಥಾನಕ್ಕೂ ನಡುವಣ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದ ತರುವಾಯ, ಭಾರತದ ಪ್ರತಿನಿಧಿಯಾಗಿ ಬಂದ ಕೆ. ಎಂ. ಮುನ್ಷಿಯವರು ಬೀಡುಬಿಟ್ಟದ್ದು ಇಲ್ಲಿಯೇ. ಮಸಿ ಆರುವ ಮುನ್ನವೇ ಜಗಳ ರೊಕ್ಕದ ಮೇಲೆ ಹತ್ತಿಕೊಂಡಿತು: ಭಾರತದ ನಾಣ್ಯ ಸಂಸ್ಥಾನದಲ್ಲಿ ಸಲ್ಲದೆಂದು ನಿಜಾಮ ಸರ್ಕಾರದ ಒಂದು ಸುಗ್ರೀವಾಜ್ಞೆ, ಬೆಳ್ಳಿಬಂಗಾರ ಭಾರತಕ್ಕೆ ಹೋಗಕೂಡದೆಂದು ಇನ್ನೊಂದು, ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲ. ಇತ್ತ ಭಾರತವೂ ಸರಕುಗಳ ದಾರಿಯನ್ನು ಬಿಗಿಹಿಡಿಯಿತು. 1948ರ ಸೆಪ್ಟೆಂಬರ್ 13ರಂದು, ‘ಪೊಲೀಸ್ ಆಕ್ಷನ್’ ಎನಿಸಿಕೊಂಡ ಕಾರ್ಯಾಚರಣೆಯಲ್ಲಿ, ಭಾರತದ ಸೇನೆ ಗಡಿಯನ್ನು ದಾಟಿತು; 17ರಂದು ನಿಜಾಮರು ಶರಣಾಗತಿಯನ್ನು ಸಾರಿದರು; ಭಾರತದ ಸೇನೆಯ ಮೇಜರ್ ಜನರಲ್ ಚೌಧರಿ ಸೇನಾ ರಾಜ್ಯಪಾಲರಾದರು.

ಸಂಜೆ ಮಲ್ಕಾಜ್‌ಗಿರಿಗೆ ಮರಳಿದಾಗ, ಮುತ್ಯಾ ಒಂದು ಹಾಲಿ ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಮೇಲೆ ಚಾರ್ಮಿನಾರದ ಚಿತ್ರ. ಸೇನೆಗೆ ಐದು ದಿನ ಸಾಕಾಗಿದ್ದಿತು. ಈ ನಾಣ್ಯಕ್ಕೆ ಮಾತ್ರ ಹಲವು ವರ್ಷಗಳು ಹಿಡಿದವು. ರೈಲು 1950ರಲ್ಲಿ ಕೇಂದ್ರದ ವಶವಾಯಿತು. ಹಾಲಿ ಸಿಕ್ಕೆ ಏಳಕ್ಕೆ ಆರರ ದರದಲ್ಲಿ ಮೆಲ್ಲಮೆಲ್ಲನೆ ಹಿಂದೆಗೆಯಿತು. ಹೊರಗಿನವರು ಬಂದು ನೌಕರಿಗಳನ್ನು ತುಂಬಿಕೊಳ್ಳುತ್ತಿರುವರೆಂದು 1952ರಲ್ಲಿ ಮುಲ್ಕಿ, ಎಂದರೆ ಸ್ಥಳೀಯರ, ಚಳವಳಿ ಎದ್ದಿತು. 1956ರ ನವೆಂಬರ್ 1ರಂದು ಸಂಸ್ಥಾನವೇ ಮೂರು ಭಾಗವಾಗಿ, ಬೀದರ, ಕಲಬುರಗಿ, ರಾಯಚೂರುಗಳು ನಮ್ಮ ಪಾಲಿಗೆ ಬಂದವು.

ಸಿಕ್ಕೆಗೆ ದರ ಕಟ್ಟಿದರು, ಕಾಸುಕಾಸಿಗೆ ಲೆಕ್ಕವಿಟ್ಟರು. ಮಂದಿಯ ನಷ್ಟಕ್ಕೆ ಆ ಲೆಕ್ಕ ದೊರೆಯಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರಟಾದಲ್ಲಿ ನಿಜಾಮರ ಪರವಾದ ಖಾಸಗಿ ಪಡೆಯ ರಜಾಕಾರರು ಸುರಿಸಿದ ನೆತ್ತರನ್ನು ನಾವು ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಪೊಲೀಸ್ ಆಕ್ಷನ್ನಿನ ತರುವಾಯ ಬೀದರ, ಕಲಬುರಗಿ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಹತರಾದ ಮುಸಲ್ಮಾನರನ್ನು ಅದೇ ಉಸಿರಿನಲ್ಲಿ ನೆನೆಯುವವರು ವಿರಳ. ಅವರ ಸಾವನ್ನು ವಿಚಾರಿಸಲು ಭಾರತ ಸರ್ಕಾರವೇ ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು, ಒಟ್ಟು ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿದ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

"ಎರಡೂ ನಾ ನೋಡೀನಿ ತಮ್ಮಾ. ಮೊದ್ಲು ನಮ್ಮವ್ವ ನಮ್ಮನ್ನ ಕಣಜದಾಗ ಮುಚ್ಚಿಟ್ಟಿದ್ಳು. ಆಮ್ಯಾಲೆ ಮಗ್ಗಲ ಮನಿ ಬೂಬಮ್ಮನ ಮಕ್ಕಳ್ನ ಅದೇ ಕಣಜದಾಗ ಮುಚ್ಚಿಟ್ಳು" ಎಂದರು ಮುತ್ಯಾ.

ಸಂಸ್ಥಾನದ ವಿಲೀನ ನ್ಯಾಯವಾದುದು, ಅನಿವಾರ್ಯವಾದುದು ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಆ ಮನೆಯಾಕೆ ಒಂದೇ ಕಣಜದಲ್ಲಿ ಇಬ್ಬರ ಮಕ್ಕಳನ್ನೂ ಕಾಯ್ದಂತೆ, ನಮ್ಮ ಚರಿತ್ರೆಯೂ ಇಬ್ಬರ ದುಃಖಕ್ಕೂ ಎಡೆಗೊಡಬೇಕು. ಕಲ್ಯಾಣ ಕರ್ನಾಟಕದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಬರುವ ಸೆಪ್ಟೆಂಬರ್ 17ರಂದು ಧ್ವಜವನ್ನು ಏರಿಸಿದ ಬಳಿಕ, ನಿಮ್ಮ ಓಣಿಯಲ್ಲಿ 1948ರ ಆ ವರ್ಷವನ್ನು ಕಂಡವರು ಯಾರಾದರೂ ಉಳಿದಿದ್ದರೆ ಅವರ ಬಳಿ ಕುಳಿತು, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದಿಡಿರಿ.