ಜಾಣಗುರುಡು

ಮಗಳು ಶಾಲೆಯ ಕ್ಯಾಂಟೀನಿನ ಸಮೋಸದ ಫೋಟೊ ಹಾಕಿ, ‘ಇದರೊಳಗೆ ಆಲೂಗಡ್ಡೆ ಹುಡುಕಿಕೊಟ್ಟವರಿಗೆ ಬಹುಮಾನ’ ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಬರೆದಿದ್ದಳಂತೆ. ಬರೆದದ್ದು ಭಾನುವಾರ, ನಮ್ಮ ಮನೆಯ ದಿವಾನದ ಮೇಲೆ ಅಂಗಾತ ಬಿದ್ದುಕೊಂಡು. 24 ಗಂಟೆಯಲ್ಲಿ ತಾನಾಗಿಯೇ ಮಾಯವಾದ ಆ ಸಮೋಸದ ಸಲುವಾಗಿ ಮಂಗಳವಾರ ನನಗೆ ಬುಲಾವ್ ಬಂತು. ಪೋಷಕರು ಮುಚ್ಚಳಿಕೆ ಬರೆದುಕೊಡಬೇಕಂತೆ. ಮುಚ್ಚಳಿಕೆ! ಆ ಪದವನ್ನು ನಾನು ಅಲ್ಲಿಯವರೆಗೆ ಕೇಳಿದ್ದು ಪೊಲೀಸ್ ಠಾಣೆಯ ಸುದ್ದಿಗಳಲ್ಲಿ ಮಾತ್ರ.

ಶಾಲೆಯ ಕಾಂಪೌಂಡು ಎಲ್ಲಿಗೆ ಮುಗಿಯುತ್ತದೆ? ಇದೇ ತಕರಾರು ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2017ರಲ್ಲಿ ಪೆನ್ಸಿಲ್ವೇನಿಯಾದ ಮಹನಾಯ್ ಎಂಬಲ್ಲಿನ ಹೈಸ್ಕೂಲ್ ಹುಡುಗಿ ಚಿಯರ್‌ಲೀಡಿಂಗ್‌ನ ದೊಡ್ಡ ತಂಡಕ್ಕೆ ಆಯ್ಕೆಯಾಗಲಿಲ್ಲ. ಶನಿವಾರ ಅಂಗಡಿಯೊಂದರ ಬಳಿ ನಿಂತು, ಮಧ್ಯದ ಬೆರಳೆತ್ತಿ, ಶಾಲೆಗೂ ಆಟಕ್ಕೂ ಸಕಲ ಚರಾಚರಕ್ಕೂ ಒಂದೇ ಬೈಗುಳ ಹಂಚಿ ಸ್ನ್ಯಾಪ್‌ಚಾಟಿಗೆ ಹಾಕಿದಳು. ಅದೂ 24 ಗಂಟೆಯಲ್ಲಿ ಅಳಿಸಿಹೋಗುವಂಥದೇ. ಆದರೆ ಯಾರೋ ಇನ್ನೊಂದು ಫೋನಿನಿಂದ ಅದರ ಚಿತ್ರ ಹಿಡಿದರು. ಅದು ಕೈಯಿಂದ ಕೈಗೆ ದಾಟಿ ಒಬ್ಬ ಹುಡುಗಿಗೆ ಸಿಕ್ಕಿತು, ಅವಳು ಅಮ್ಮನಿಗೆ ತೋರಿಸಿದಳು. ಅಮ್ಮ ಅದೇ ತಂಡದ ಕೋಚ್! ಹುಡುಗಿ ಇದ್ದ ಸಣ್ಣ ತಂಡದಿಂದಲೂ ಒಂದು ವರ್ಷ ಹೊರಗೆ. ಶಾಲೆಗೆ ಆದ ಧಕ್ಕೆಯಾದರೂ ಏನು? ಒಂದೆರಡು ದಿನ ಬೀಜಗಣಿತದ ತರಗತಿಯಲ್ಲಿ ಐದು ಹತ್ತು ನಿಮಿಷ ಗುಸುಗುಸು. ಬೀಜಗಣಿತದ ಪಿರಿಯಡ್ಡಿನಲ್ಲಿ ಗುಸುಗುಸು ಇಲ್ಲದ ದಿನವೊಂದನ್ನು ನಾನಂತೂ ಕಂಡಿಲ್ಲ. 2021ರ ಜೂನ್‌ನಲ್ಲಿ ಕೋರ್ಟು 8-1ರಲ್ಲಿ ಹುಡುಗಿಯ ಪರ ನಿಂತಿತು. ಬೆದರಿಕೆ, ಕಿರುಕುಳದಂಥವು ಬೇರೆ ಮಾತು. ಮಿಕ್ಕಂತೆ ಶಾಲೆಯ ಹೊರಗಿನ ಮಕ್ಕಳ ಮಾತು ಸಾಮಾನ್ಯವಾಗಿ ತಂದೆತಾಯಿಯ ಪಾಲಿನದು, ಒಳಗೂ ಹೊರಗೂ ಶಾಲೆಯೇ ಕಾದರೆ ಮಗು ದಿನವಿಡೀ ಬಾಯಿಬಿಡುವ ಹಾಗಿಲ್ಲ ಎಂಬುದು ನ್ಯಾಯಮೂರ್ತಿ ಬ್ರೇಯರ್ ಅವರ ತರ್ಕ. ಒಪ್ಪದ ಒಬ್ಬರು ಕ್ಲಾರೆನ್ಸ್ ಥಾಮಸ್. ಹಿಂದಿನ ಕಾಲದಲ್ಲಿ ಶಾಲೆಗೆ ಹೊರಗೂ ಅಧಿಕಾರವಿತ್ತಲ್ಲ ಎಂದರು.

ನಮ್ಮಮ್ಮ ಇದ್ದಿದ್ದರೆ ಥಾಮಸ್ ಪಕ್ಷ ಸೇರುತ್ತಿದ್ದಳು. ‘ಕಣ್ಣೆರಡು ಬಿಟ್ಟು ಬಾಕಿ ಚರ್ಮ ಸುಲೀರಿ ಮೇಷ್ಟ್ರೇ’ ಎಂದು ನನ್ನನ್ನು ಸೇರಿಸುವ ದಿನವೇ ಸಕಲ ಹಕ್ಕನ್ನೂ ಬಿಟ್ಟುಕೊಟ್ಟು ಬಂದವಳು. ಸಂತೆ, ಜಾತ್ರೆ, ಕೆರೆ ಏರಿ, ಎಲ್ಲ ಕಡೆಯೂ ಮೇಷ್ಟ್ರ ಸರಹದ್ದೇ. ಗೋಲಿ ಆಡುತ್ತಿದ್ದವರು ಅವರ ಕೊಡೆಯ ತುದಿ ಕಂಡರೆ ಸಾಕು, ಬೇಲಿ ಹಾರುತ್ತಿದ್ದೆವು.

ನಮ್ಮ ಸೋಷಿಯಲ್ ಮೀಡಿಯಾ ಸಾರಾಯಿ ಅಂಗಡಿಯ ಹಿಂಬದಿ ಗೋಡೆ. ಏಳನೇ ಕ್ಲಾಸಿನಲ್ಲಿ ಇದ್ದಿಲು ಹಿಡಿದು ಅಲ್ಲೊಂದು ಚಿತ್ರ ಬರೆದೆ: ದೊಡ್ಡ ಕೊಡೆ, ಅದರಡಿ ಸಣ್ಣ ಮೇಷ್ಟ್ರು, ಅವರಿಗಿಂತ ಉದ್ದದ ಮೂಗು. ಕೆಳಗೆ ಅಡ್ಡಹೆಸರು. ಮರುದಿನವೇ ಚಾಡಿಕೋರನೊಬ್ಬ ಎದ್ದುನಿಂತ.

‘ಸಾರ್, ಇವನು ಸಾರಾಯಿ ಅಂಗಡಿ ಹಿಂದೆ ನಿಮ್ಮ ಚಿತ್ರ ಬರ್ದವ್ನೆ ಸಾರ್.’

ನನ್ನ ಚಡ್ಡಿ ಒದ್ದೆಯಾಗುವುದೊಂದು ಬಾಕಿ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

‘ಅಲ್ಲಿಗೆ ನೀನ್ಯಾಕೆ ಹೋಗಿದ್ದೆ?’

ಏಟು ತಿಂದವನು ಅವನು. ಆಗ ಗೆದ್ದೆನೆಂದೇ ಹಿಗ್ಗಿದ್ದೆ.

ಆದರೆ ಮೇಷ್ಟ್ರ ಮನೆಗೆ ಹೋಗುವ ದಾರಿಯೇ ಅದು. ಸಂಜೆ ಅವರ ಹಿಂದೆ ದೂರದಲ್ಲಿ ನಡೆದು ನೋಡಿದೆ. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಆ ಗೋಡೆ ಹತ್ತಿರವಾದಂತೆ ಕೊಡೆ ಬಿಚ್ಚಿಕೊಂಡಿತು, ಮೆಲ್ಲಗೆ ಗೋಡೆಯ ಕಡೆಗೆ ವಾಲಿತು. ದಾಟಿದ ಮೇಲೆ ಮುಚ್ಚಿಕೊಂಡಿತು. ಮುಂಗಾರು ಬಂದು ಇದ್ದಿಲು ತೊಳೆದುಹೋಗುವವರೆಗೂ ಆ ಕೊಡೆ ದಿನಾ ವಾಲುತ್ತಲೇ ಇತ್ತು. ಅದಾದ ಮೇಲೆ ನಾನು ಅವರ ಚಿತ್ರ ಬರೆಯಲಿಲ್ಲ. ಊರೆಲ್ಲ ಅಧಿಕಾರವಿದ್ದ ಮನುಷ್ಯ ಎಲ್ಲಿ ಕುರುಡನಾಗಬೇಕೆಂದು ಬಲ್ಲವನಾಗಿದ್ದ. ಬಿ.ಎಡ್. ಪಠ್ಯದಲ್ಲಿ ಈ ವಿದ್ಯೆಗೆ ಅಂಕವಿದೆಯೋ ಇಲ್ಲವೋ.

ಮಗಳ ಶಾಲೆಯ ಪ್ರಿನ್ಸಿಪಾಲರು ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿ ಸ್ಕ್ರೀನ್‌ಶಾಟ್ ತೋರಿಸಿದರು. ಯಾವ ಮಳೆಯೂ ತೊಳೆಯದ ಗೋಡೆ. ಹೇಳಬೇಕೆಂದುಕೊಂಡದ್ದು ಒಂದೂ ನಾಲಗೆಗೆ ಬರಲಿಲ್ಲ, ಸಹಿ ಹಾಕಿದೆ. ಒಳ್ಳೆಯವರು, ಕ್ಯಾಂಟೀನಿನಿಂದ ಚಹಾ ತರಿಸಿದರು. ಜೊತೆಗೊಂದು ಸಮೋಸ.

ಮುರಿದು ನೋಡಿದೆ. ಏನೂ ಹೇಳದೆ ತಿಂದೆ.