ಬೀದಿದೀಪದ ಕೆಳಗಿನ ಹುಡುಗ

ಭಾರತದ ಮಕ್ಕಳಿಗೆಂದು ಬರೆದ ಜೀವನಚರಿತ್ರೆಗಳಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದಿರುವ ಪಾತ್ರ ಬಹುಶಃ ಬೀದಿದೀಪ. ಈಶ್ವರಚಂದ್ರ ವಿದ್ಯಾಸಾಗರರು ಅದರ ಕೆಳಗೆ ಓದಿದರು. ಮದರಾಸು ಹೈಕೋರ್ಟಿನ ನ್ಯಾಯಮೂರ್ತಿಯಾದ ಟಿ. ಮುತ್ತುಸ್ವಾಮಿ ಅಯ್ಯರ್ ಓದಿದರು. ಕನ್ನಡದ ಮಟ್ಟಿಗೆ ಸರ್ ಎಂ. ವಿಶ್ವೇಶ್ವರಯ್ಯನವರೂ ಓದಿದರು. ಊರು ಬೇರೆ, ಶತಮಾನದ ಭಾಗ ಬೇರೆ, ಕಂಬ ಮಾತ್ರ ಒಂದೇ. ಚಿತ್ರ ಬರೆಯುವವರೂ ಹೆಚ್ಚು ಕಷ್ಟಪಡುವುದಿಲ್ಲ: ಎತ್ತರದ ಕಂಬ, ತುದಿಗೊಂದು ಗಾಜಿನ ಪೆಟ್ಟಿಗೆ, ಬುಡದಲ್ಲಿ ಜುಟ್ಟಿನ ಹುಡುಗ, ತೊಡೆಯ ಮೇಲೆ ಪುಸ್ತಕ. ಓದಿ ಹೇಳುವ ಹಿರಿಯರು ಈ ಪುಟಕ್ಕೆ ಬಂದಾಗ ದನಿಯನ್ನು ತುಸು ಏರಿಸುವುದು ವಾಡಿಕೆ. ಕೇಳುವ ಮಗು ಆ ಹೊತ್ತಿಗೆ ಬೇರೆಯೇ ಯೋಚನೆಯಲ್ಲಿರುತ್ತದೆ.

ಈ ಪ್ರಬಂಧಕಾರನ ಮನೆಯಲ್ಲಿ ಆ ಯೋಚನೆ ಸೊಳ್ಳೆಯದಾಗಿತ್ತು. ಎದುರಿನ ಕಂಬದ ಹಳದಿ ದೀಪವನ್ನು ತೆಗೆದು, ಕಣ್ಣು ಕುಕ್ಕುವ ಎಲ್‌ಇಡಿ ಹಾಕಿ ಹೋದ ವಾರವದು. ಮಲಗುವ ಮುಂಚೆ ವಿದ್ಯಾಸಾಗರರ ಬಾಲ್ಯ ನಡೆಯುತ್ತಿದ್ದಾಗ ಎರಡನೇ ತರಗತಿಯ ಮಗಳು ಕಿಟಕಿಯಾಚೆ ನೋಡಿ, "ಅಪ್ಪ, ಅಲ್ಲಿ ಕೂತ್ರೆ ಸೊಳ್ಳೆ ಕಚ್ಚಲ್ವಾ?" ಎಂದಳು. ಪುಸ್ತಕದಲ್ಲಿ ಸೊಳ್ಳೆಯ ಪ್ರಸ್ತಾಪವಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: "ಆ ದೀಪಾನ ಯಾರು ಹಚ್ತಿದ್ರು?"

ಎರಡನೆಯದು ಉತ್ತರವಿರುವ ಪ್ರಶ್ನೆ. ಕಲ್ಕತ್ತೆಯ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 1857ರಲ್ಲಿ. ವಿದ್ಯಾಸಾಗರರು ಹುಟ್ಟಿದ್ದು 1820ರಲ್ಲಿ. ಗ್ಯಾಸಿನ ಬೆಳಕು ಬೀದಿಗೆ ಬೀಳುವ ಹೊತ್ತಿಗೆ ಅವರು ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿ ಆರು ವರ್ಷವಾಗಿತ್ತು. ಅವರು ಪಟ್ಟು ಹಿಡಿದು ಕೂತಿದ್ದ ವಿಧವಾ ಪುನರ್ವಿವಾಹದ ಕಾಯಿದೆ ಹಿಂದಿನ ವರ್ಷವೇ ಪಾಸಾಗಿತ್ತು. ಆದ್ದರಿಂದ ಗ್ಯಾಸ್ ದೀಪದಡಿಯ ಜುಟ್ಟಿನ ಹುಡುಗ ಚಿತ್ರಕಾರರ ಸೃಷ್ಟಿ. ಹುಡುಗ ಬೀದಿಯಲ್ಲಿ ಓದಿದ್ದೇ ಆದರೆ ಅದು ಎಣ್ಣೆದೀಪದ ಕೆಳಗೆ. ಎಣ್ಣೆದೀಪ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಮುಸ್ಸಂಜೆಗೆ ಒಬ್ಬ ಏಣಿ ಹೊತ್ತು ಬರಬೇಕು, ಎಣ್ಣೆ ಹಾಕಬೇಕು, ಬತ್ತಿ ಸರಿಪಡಿಸಬೇಕು, ಮುಂದಿನ ಕಂಬಕ್ಕೆ ಹೋಗಬೇಕು. ಇಷ್ಟೊಂದು ಮಹಾಪುರುಷರಿಗೆ ಬೆಳಕು ಕೊಟ್ಟ ಆ ಮನುಷ್ಯನ ಬಗ್ಗೆ ಮಕ್ಕಳ ಪುಸ್ತಕಗಳು ಒಂದು ಸಾಲನ್ನೂ ಖರ್ಚು ಮಾಡಿಲ್ಲ.

ಬೆಂಗಳೂರಿನ ಲೆಕ್ಕವೂ ಹೀಗೆಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಯಲ್ಲಿ ದೀಪವಾಗಿ ಬೆಳಗಿದ್ದು 1905ರ ಆಗಸ್ಟ್ 5ರಂದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ. ಅವರಿಗೆ ಸಿಕ್ಕಿರಬಹುದಾದ ಬೀದಿ ಬೆಳಕೆಂದರೆ ಸೀಮೆಎಣ್ಣೆಯದು. ವಿದ್ಯುದ್ದೀಪ ಬರುವಾಗ ಅವರು ನಲವತ್ತು ದಾಟಿದ, ಮುಂಬಯಿ ಪ್ರಾಂತ್ಯದ ಎಂಜಿನಿಯರು. ಪುಣೆಯ ಬಳಿಯ ಖಡಕ್‌ವಾಸ್ಲಾ ಕೆರೆಗೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿಯಾಗಿತ್ತು. ಓದುವ ದಿನಗಳಲ್ಲಿ ಅವರ ಕೈಹಿಡಿದದ್ದು ದೀಪಕ್ಕಿಂತ ಹೆಚ್ಚಾಗಿ ಮನೆಪಾಠ: ಕೊಡವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದದ್ದರಲ್ಲಿ ಕಾಲೇಜು ಓದಿದರು. ಆದರೆ ಮನೆಪಾಠವನ್ನು ಚಿತ್ರವಾಗಿ ಬರೆಯುವುದು ಕಷ್ಟ, ದೀಪ ಸುಲಭ.

ವಿಶ್ವೇಶ್ವರಯ್ಯನವರ ಹೆಸರಿಗೆ ಇನ್ನೊಂದು ದೀಪವೂ ಅಂಟಿಕೊಂಡಿದೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೋಂಬತ್ತಿ, ಸ್ವಂತ ಕಾಗದ ಬರೆಯಲು ಸ್ವಂತ ಮೋಂಬತ್ತಿ ಎಂಬ ಕಥೆ ಕೇಳದೆ ಕರ್ನಾಟಕದಲ್ಲಿ ಯಾರೂ ಹೈಸ್ಕೂಲು ದಾಟುವುದಿಲ್ಲ. ಪ್ರಾಮಾಣಿಕತೆಯನ್ನು ಕಲಿಸಲು ಹೇಳುವ ಕಥೆಯಿದು. ಅದನ್ನು ಮೊದಲ ಸಲ ಕೇಳಿದ ಮಗುವಿನ ತಕ್ಷಣದ ಅಭಿಪ್ರಾಯ, ಎರಡನ್ನೂ ಒಟ್ಟಿಗೆ ಹಚ್ಚಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂಬುದು. ಮೇಲುನೋಟಕ್ಕೆ ಇದು ಪಾಠ ಸೋತಂತೆ ಕಂಡರೂ ಹಾಗೇನಿಲ್ಲ. ಜೀವನಚರಿತ್ರೆಯ ಉಪಯೋಗ ಶುರುವಾಗುವುದೇ ಪುಸ್ತಕ ಕೊಡಲು ಹೊರಟದ್ದನ್ನು ಮಗು ಪಕ್ಕಕ್ಕಿಟ್ಟು, ತನಗೆ ಬೇಕಾದದ್ದನ್ನು ಹೆಕ್ಕಿಕೊಳ್ಳುವ ಈ ಜಾಗದಲ್ಲಿ.

ಇದಕ್ಕೆ ಪ್ರಸಿದ್ಧ ಸಾಕ್ಷಿ ಅಮೆರಿಕದ್ದು. ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ, ಪುಸ್ತಕದ ವ್ಯಾಪಾರಿಯೂ ಆಗಿದ್ದವನು, ಜಾರ್ಜ್ ವಾಷಿಂಗ್ಟನ್ ಸತ್ತ ಮರುವರ್ಷ, 1800ರಲ್ಲಿ, ಅವರ ಜೀವನಚರಿತ್ರೆಯನ್ನು ಅಚ್ಚು ಹಾಕಿಸಿದ. ಬಾಲಕ ವಾಷಿಂಗ್ಟನ್ ಕೊಡಲಿಯಿಂದ ಚೆರಿ ಗಿಡ ಕಡಿದು, ಅಪ್ಪನೆದುರು ಸುಳ್ಳು ಹೇಳದೆ ಒಪ್ಪಿಕೊಂಡ ಕಥೆ ಅದರಲ್ಲಿ ಇರಲೇ ಇಲ್ಲ. 1806ರ ಐದನೆಯ ಮುದ್ರಣದಲ್ಲಿ ಬಂದು ಸೇರಿತು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಲು ಒಬ್ಬ ಪಾದ್ರಿ ಕಟ್ಟಿದ ಆ ಕಥೆ ಸಮುದ್ರ ದಾಟಿ ಕನ್ನಡ ಶಾಲೆಗಳ ನೀತಿಪಾಠಕ್ಕೂ ಬಂತು. ಅದೇ ವೀಮ್ಸನ ಪುಸ್ತಕವನ್ನು ಕಾಡಂಚಿನ ಗುಡಿಸಿಲಲ್ಲಿ ಓದಿದ ಒಬ್ಬ ಹುಡುಗ ಮುಂದೆ ಅಮೆರಿಕದ ಅಧ್ಯಕ್ಷನಾದ. 1861ರ ಫೆಬ್ರವರಿ 21ರಂದು, ಅಧಿಕಾರ ವಹಿಸಿಕೊಳ್ಳಲು ಹೋಗುವ ದಾರಿಯಲ್ಲಿ ನ್ಯೂಜೆರ್ಸಿಯ ಸೆನೆಟ್‌ನಲ್ಲಿ ಅಬ್ರಹಾಂ ಲಿಂಕನ್ ಆ ಪುಸ್ತಕವನ್ನು ನೆನೆದರು. ನೆನಪಾಗಿ ಉಳಿದಿದ್ದದ್ದು ಟ್ರೆಂಟನ್ ಕದನ, ಸೈನ್ಯ ನದಿ ದಾಟಿದ್ದು, ಅಂದಿನ ಸೈನಿಕರು ಪಟ್ಟ ಪಾಡು. ಅಷ್ಟು ಪಾಡು ಪಟ್ಟಿದ್ದಾರೆಂದರೆ ಅದು ಯಾವುದೋ ದೊಡ್ಡದಕ್ಕೇ ಇರಬೇಕೆಂದು ಹುಡುಗನಿಗೆ ಅನಿಸಿತ್ತಂತೆ. ಚೆರಿ ಗಿಡದ ಮಾತೇ ಇಲ್ಲ.

ಹಾಗಾದರೆ ಇಂಥ ಕಟ್ಟುಕಥೆಗಳನ್ನು ಮಕ್ಕಳಿಗೆ ಓದಿ ಹೇಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಹೇಳುವುದರಿಂದ ಕೇಡಿಲ್ಲ, ಆದರೆ ನಿಜವಾದ ಪ್ರಸಂಗಗಳು ಇದಕ್ಕಿಂತ ರುಚಿಯಾಗಿರುತ್ತವೆ. ವಿದ್ಯಾಸಾಗರರ ದೀಪ ಯಾವ ಬೀದಿಯದೋ ಏನೋ, ಅವರ ಮೈಲಿಗಲ್ಲುಗಳನ್ನು ಮಾತ್ರ ಅವರೇ ಅರ್ಧಕ್ಕೆ ನಿಂತ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಬೀರಸಿಂಗ ಎಂಬ ಹಳ್ಳಿಯಿಂದ ಅಪ್ಪನ ಜೊತೆ ಕಲ್ಕತ್ತೆಗೆ ಬರುವಾಗ ದಾರಿಯ ಬದಿಯಲ್ಲಿ ಒಂದು ಕಲ್ಲು ಕಂಡಿತು. ಮನೆಯಲ್ಲಿ ಮಸಾಲೆ ಅರೆಯುವ ಕಲ್ಲಿನಂತಿತ್ತು. ಅರೆಯುವ ಕಲ್ಲನ್ನು ರಸ್ತೆಯಲ್ಲಿ ಏಕೆ ನೆಟ್ಟಿದ್ದಾರೆಂದು ಹುಡುಗ ಕೇಳಿದ. ಅಪ್ಪ ನಕ್ಕು, ಅದು ಮೈಲಿಗಲ್ಲು, ಅದರ ಮೇಲಿರುವುದು ಇಂಗ್ಲಿಷ್ ಅಂಕಿ, ಹತ್ತೊಂಬತ್ತು ಎಂದು ವಿವರಿಸಿದರು. ಅಲ್ಲಿಂದ ಹುಡುಗ ಒಂದೊಂದೇ ಕಲ್ಲು ನೋಡುತ್ತ, ಇಳಿಯುವ ಲೆಕ್ಕದಲ್ಲಿ ಅಂಕಿಗಳನ್ನು ಕಲಿತ. ಕಲಿತದ್ದು ನಿಜವೋ ಬರೀ ಎಣಿಕೆಯ ಜಾಣತನವೋ ಎಂದು ಪರೀಕ್ಷಿಸಲು ಅಪ್ಪ ಉಪಾಯದಿಂದ ಆರನೆಯ ಕಲ್ಲನ್ನು ತಪ್ಪಿಸಿ, ಐದನೆಯದನ್ನು ತೋರಿಸಿ, ಇದೆಷ್ಟು ಎಂದರು. ಇಲ್ಲಿ ಆರು ಇರಬೇಕಿತ್ತು, ತಪ್ಪಾಗಿ ಐದು ಕೆತ್ತಿದ್ದಾರೆ ಎಂದ ಹುಡುಗ.

ಈ ಪ್ರಸಂಗ ಮಕ್ಕಳ ಮೇಲೆ ಮಾಡುವ ಪರಿಣಾಮಕ್ಕೆ ಬೀದಿದೀಪ ಎಂದೂ ಸಾಟಿಯಾಗಲಾರದು. ದೀಪದ ಕಥೆಯಲ್ಲಿ ಮಗುವಿಗೆ ಮಾಡಲು ಏನೂ ಇಲ್ಲ, ಕೂತು ಗೌರವಿಸಬೇಕಷ್ಟೆ. ಕಲ್ಲಿನ ಕಥೆಯಲ್ಲಿ ಆಟವಿದೆ, ಅಪ್ಪ ಹೂಡಿದ ಮೋಸವಿದೆ, ಅದನ್ನು ಮಗ ಹಿಡಿದ ಖುಷಿಯಿದೆ. ಹಾಸನದ ಕಡೆಯ ಒಂದು ಪ್ರಯಾಣದಲ್ಲಿ ಮೇಲೆ ಹೇಳಿದ ಎರಡನೇ ತರಗತಿಯವಳು ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಕಿಲೋಮೀಟರ್ ಕಲ್ಲುಗಳಲ್ಲಿ ಕನ್ನಡ ಅಂಕಿಗಳನ್ನು ಹುಡುಕಿದಳು. ಎಲ್ಲ ಕಲ್ಲುಗಳಲ್ಲೂ ಅವು ಇರಲಿಲ್ಲ. ಇದ್ದಲ್ಲಿ ೩ ಮತ್ತು ೭ರ ಜಗಳ ಬಗೆಹರಿಯಿತು, ೬ ಮತ್ತು ೯ರದು ಇನ್ನೂ ಉಳಿದಿದೆ. ಕನ್ನಡದ ಓದುಗರಿಗೆ ವಿದ್ಯಾಸಾಗರರು ಪರಕೀಯರೂ ಅಲ್ಲ. ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡದ ಮನೆಮನೆಗೆ ತಂದ ಬಿ. ವೆಂಕಟಾಚಾರ್ಯರು ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನೂ ಕನ್ನಡಕ್ಕೆ ತಂದಿದ್ದರು.

ಬಾಲ್ಯದ ಅಧ್ಯಾಯ ಮುಗಿದ ಮೇಲೆ ಜೀವನಚರಿತ್ರೆಗಳು ಸಾಮಾನ್ಯವಾಗಿ ಸೊರಗುತ್ತವೆ. ನಾಯಕರು ಸಮಿತಿಗಳಿಗೆ ಆಯ್ಕೆಯಾಗುತ್ತಾರೆ, ಬಿರುದು ಪಡೆಯುತ್ತಾರೆ, ಅಧ್ಯಕ್ಷತೆ ವಹಿಸುತ್ತಾರೆ. ಮಕ್ಕಳಿಗೆ ನಿದ್ದೆ ಬರುವುದು ಈ ಪುಟಗಳಲ್ಲಿ, ಮತ್ತು ಅದೂ ಒಂದು ಉಪಯೋಗವೆಂದು ಒಪ್ಪದ ತಾಯಂದಿರಿಲ್ಲ. ನಡುವಿನಲ್ಲಿ ಮಗುವನ್ನು ಎಚ್ಚರವಿಡುವುದು ಸೋಲು. ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಚ್ಚಿಕೊಂಡು, ಉಳಿದ ವಿಷಯಗಳಲ್ಲಿ ಜಾರಿ, ವಿದ್ಯಾರ್ಥಿವೇತನ ಕಳೆದುಕೊಂಡರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿಯೂ ಎಫ್.ಎ. ಪಾಸಾಗಲಿಲ್ಲ. ಎಷ್ಟೋ ಮಕ್ಕಳಿಗೆ ಇದು ಅವರ ಅನಂತ ಶ್ರೇಣಿಗಳಿಗಿಂತ ದೊಡ್ಡ ಸುದ್ದಿ. ಫೇಲಾದವರ ಮೇಲೂ ಪುಸ್ತಕ ಬರೆಯುತ್ತಾರೆಂಬ ತಿಳಿವಳಿಕೆಯನ್ನು ನೀತಿಪಾಠದ ಪುಸ್ತಕ ಕೊಡುವುದಿಲ್ಲ, ಅಂಕಪಟ್ಟಿಗೆ ಸಹಿ ಹಾಕುವ ಅಪ್ಪಂದಿರೂ ಕೊಡುವುದಿಲ್ಲ.

ಕನ್ನಡದಲ್ಲಿ ಈ ಬಗೆಯ ಓದು ಬೇಕಾದಷ್ಟು ಸಿಕ್ಕಿದ್ದು 1970ರ ದಶಕದಲ್ಲಿ. ರಾಷ್ಟ್ರೋತ್ಥಾನ ಪರಿಷತ್ತು ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ 'ಭಾರತ-ಭಾರತಿ' ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳಿವೆ. ಋಷಿಗಳು, ರಾಜರು, ಕ್ರಾಂತಿಕಾರಿಗಳು, ವಿಜ್ಞಾನಿಗಳು ಎಲ್ಲರೂ ಒಂದೇ ಅಳತೆಗೆ ಬಂದು ಅಂಗಿಯ ಜೇಬಿನಲ್ಲಿ ಕೂತರು. ಯಾರೂ ಇನ್ನೊಬ್ಬರಿಗಿಂತ ದಪ್ಪವಿಲ್ಲ ಎಂಬುದು ಆ ಮಾಲೆಯ ಪ್ರಜಾಪ್ರಭುತ್ವ. ಕರೆಂಟು ಹೋದ ರಾತ್ರಿಗಳಲ್ಲಿ ಲಾಟೀನಿನ ಸುತ್ತ ಕುಳಿತು, ಅಕ್ಕ ಓದುವುದು ತಮ್ಮ ಕೇಳುವುದು ಎಂಬ ಏರ್ಪಾಡು ಈ ಪ್ರಬಂಧಕಾರನ ಮನೆಯೊಂದರದೇ ಆಗಿರಲಿಲ್ಲ, ಬೀದಿಯ ಹಲವು ಮನೆಗಳದಾಗಿತ್ತು. ಪುಸ್ತಕಗಳು ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರದು ಯಾರ ಮನೆಯಲ್ಲಿದೆ ಎಂಬುದು ಅಮ್ಮಂದಿರ ಮಟ್ಟದ ವಿವಾದವಾಗುತ್ತಿತ್ತು. ಚಿತ್ರದ ಮೂಲಕ ಇದೇ ಕೆಲಸ ಮಾಡಿದವರು 1967ರಲ್ಲಿ 'ಅಮರ ಚಿತ್ರಕಥೆ'ಯನ್ನು ಆರಂಭಿಸಿದ ಅನಂತ ಪೈ, ಕಾರ್ಕಳದಲ್ಲಿ ಹುಟ್ಟಿದವರು. ಚಿತ್ರಕಥೆಯನ್ನು ಮಗು ತಾನೇ ಓದಿಕೊಳ್ಳುತ್ತದೆ. ಇನ್ನೊಬ್ಬರು ಓದಿ ಹೇಳುವ ಪುಸ್ತಕದಲ್ಲಿ ಮಾತ್ರ ಪ್ರಶ್ನೆ ಕೇಳಲು ಒಬ್ಬರು ಕೈಗೆ ಸಿಗುತ್ತಾರೆ.

ಪ್ರಶ್ನೆಗಳು ದಟ್ಟವಾಗುವುದು ಕೊನೆಯ ಪುಟದಲ್ಲಿ. ಮಕ್ಕಳ ಉಳಿದ ಕಥೆಗಳು ಸುಖವಾಗಿ ಬಾಳಿದರು ಎಂಬಲ್ಲಿಗೆ ನಿಲ್ಲುತ್ತವೆ. ಜೀವನಚರಿತ್ರೆ ಇಸವಿ ಹಾಕಿ ಸಾಯಿಸುತ್ತದೆ. ಕಳೆಯುವ ಲೆಕ್ಕ ಬಂದ ಮಕ್ಕಳು ಅಲ್ಲೇ ಬೆರಳು ಮಡಿಸಲು ತೊಡಗುತ್ತಾರೆ. ರಾಮಾನುಜನ್ ಹುಟ್ಟಿದ್ದು 1887, ತೀರಿಕೊಂಡದ್ದು 1920, ವಯಸ್ಸು ಬರೀ ಮೂವತ್ತೆರಡು. ವಿಶ್ವೇಶ್ವರಯ್ಯನವರು ನೂರು ದಾಟಿ 1962ರವರೆಗೆ ಇದ್ದರು. ಈ ಅನ್ಯಾಯಕ್ಕೆ ಕಾರಣ ಹೇಳಿ ಎಂದು ಪಟ್ಟು ಹಿಡಿದ ಮಗುವಿನೆದುರು ಯಾವ ಹಿರಿಯರಿಗೂ ಸಿದ್ಧ ಉತ್ತರವಿಲ್ಲ. ಸಾವನ್ನು ಮನೆಯಲ್ಲಿ ಕಾಣುವ ಮುಂಚೆ ಹೀಗೆ ದೂರದವರ ವಿಷಯದಲ್ಲಿ, ದೀಪ ಆರಿಸುವ ಹೊತ್ತಿನಲ್ಲಿ, ಬೆರಳಲ್ಲಿ ಎಣಿಸಿ ನೋಡಲು ಸಿಗುವ ಅವಕಾಶ ಸಣ್ಣದಲ್ಲ.

ಓದಿ ಮುಗಿಸಿದ ಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆಂಬುದನ್ನು ಕೊಟ್ಟವರು ಊಹಿಸಲಾರರು. ಮುಂಬಯಿಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉಪಾಧ್ಯಾಯರು ಪರೀಕ್ಷೆ ಪಾಸಾದ ಒಬ್ಬ ಹುಡುಗನಿಗೆ ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಹುಡುಗ ಭೀಮರಾವ್ ಅಂಬೇಡ್ಕರ್. ಅವರ ತಂದೆ ಮಕ್ಕಳಿಂದ ರಾಮಾಯಣ, ಮಹಾಭಾರತಗಳನ್ನು ತಪ್ಪದೆ ಓದಿಸುತ್ತಿದ್ದವರು. ಬುದ್ಧನನ್ನು ಓದಿದ ಮಗ, ಇದನ್ನೇಕೆ ನಮಗೆ ಮೊದಲೇ ಓದಲು ಕೊಡಲಿಲ್ಲ ಎಂದು ಆ ತಂದೆಯನ್ನೇ ಕೇಳಿದ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅಂಬೇಡ್ಕರರು, ಅದೇ ವರ್ಷ 'ಬುದ್ಧ ಮತ್ತು ಅವನ ಧಮ್ಮ'ಕ್ಕೆಂದು ಬರೆದ ಮುನ್ನುಡಿಯಲ್ಲಿ ಕೇಳುಸ್ಕರರ ಉಡುಗೊರೆಯನ್ನೂ ತಂದೆಯೊಂದಿಗಿನ ಈ ವಾದವನ್ನೂ ನೆನೆದಿದ್ದಾರೆ. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿ ಸೇರಿರಲಿಲ್ಲ.