ಕೂಲಿ ಲೆಕ್ಕಕ್ಕಿಲ್ಲ

ತುಕ್ಕು ಹಿಡಿದು ಜಾಮ್ ಆದ ಬೋಲ್ಟನ್ನು ಇನ್ನೊಬ್ಬರು ಬಿಚ್ಚುವಾಗ ಕೂತು ನೋಡುವುದಿದೆಯಲ್ಲ, ಅದೊಂದು ಬೇರೆಯೇ ಸುಖ. ನಮ್ಮ ಕೈಗೆ ಗ್ರೀಸ್ ಹತ್ತುವುದಿಲ್ಲ, ಗೆಣ್ಣು ತರಚುವುದಿಲ್ಲ, ಪಾನಾ ಜಾರಿ ಮೊಣಕೈ ಬಂಪರಿಗೆ ಬಡಿಯುವುದಿಲ್ಲ. ಕೈಯಲ್ಲಿ ಕಾಫಿ ಲೋಟ, ಎದುರಿಗೆ ಟೀವಿ. ಇಂಗ್ಲೆಂಡಿನ ಯಾವುದೋ ಶೆಡ್ಡಿನಲ್ಲಿ ಒಬ್ಬ ಮನುಷ್ಯ ನಮ್ಮ ಪರವಾಗಿ ಒದ್ದಾಡುತ್ತಿರುತ್ತಾನೆ. ಇಡೀ ದಿನ ಕ್ರಿಕೆಟ್ ನೋಡುವವರನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ. ಯಾರದೋ ಕಾರಿನ ಬ್ರೇಕ್ ಡ್ರಮ್ ಬಿಚ್ಚುವುದನ್ನು ಒಂದು ಗಂಟೆ ನೋಡುವವನು ಮಾತ್ರ ಮನೆಯಲ್ಲಿ ಕಾರಣ ಕೊಡಬೇಕಾಗುತ್ತದೆ.

ಹಳೇ ಕಾರುಗಳಿಗೆ ಮರುಜೀವ ಕೊಡುವ ಇಂಥ ಕಾರ್ಯಕ್ರಮಗಳು ಬೇಕಾದಷ್ಟಿವೆ. ಅವುಗಳಲ್ಲಿ ನನಗೆ ಮನೆದೇವರಾಗಿದ್ದು ‘ವೀಲರ್ ಡೀಲರ್ಸ್’. ಬ್ರಿಟನ್ನಿನಲ್ಲಿ 2003ರಲ್ಲಿ ಶುರುವಾಯಿತು, ಮೊದಲು ಕೈಗೆತ್ತಿಕೊಂಡ ಕಾರು ಪೋರ್ಷ 924. ಕಥೆ ಪ್ರತಿ ಸಲವೂ ಒಂದೇ. ಮೈಕ್ ಬ್ರೂವರ್ ಹೋಗಿ ಹಳೇ ಕಾರು ಕೊಳ್ಳುತ್ತಾನೆ, ಎಡ್ ಚೈನಾ ರಿಪೇರಿ ಮಾಡುತ್ತಾನೆ, ಮೈಕ್ ಮತ್ತೆ ಅದನ್ನು ಮಾರುತ್ತಾನೆ. ಕೊನೆಗೆ ಪರದೆಯ ಮೇಲೆ ಜಮಾ-ಖರ್ಚು ಮೂಡುತ್ತದೆ. ಕಾರು ಕೊಂಡಿದ್ದು ಇಷ್ಟಕ್ಕೆ, ಬಿಡಿಭಾಗಕ್ಕೆ ಇಷ್ಟು, ಮಾರಿದ್ದು ಇಷ್ಟಕ್ಕೆ, ಲಾಭ ಇಷ್ಟು.

ಮೈಕ್ ಹುಟ್ಟಾ ವ್ಯಾಪಾರಿ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರದ ಮೇಲಿನ ಕಮಾನಿನೊಳಗೆ ಕೈ ತೂರಿಸಿ ತುಕ್ಕಿನ ಪುಡಿ ಹೊರತೆಗೆದು, ಮಾಲೀಕನ ಮುಖದೆದುರು ಬೇಸರದಿಂದ ತಲೆ ಅಲ್ಲಾಡಿಸಿ, ಆಮೇಲೆ ಒಂದು ರೇಟು ಹೇಳಿ ಕೈ ಚಾಚುತ್ತಾನೆ. ಎದುರಿನವನು ಕೈ ಕೊಡದೆ ಇನ್ನೊಂದು ರೇಟು ಹೇಳಿದರೂ ಚಾಚಿದ ಕೈ ಹಿಂದಕ್ಕೆ ಬರುವುದಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುವ ದಲ್ಲಾಳಿಗಳನ್ನು ಕಂಡವರಿಗೆ ಈ ಆಸಾಮಿ ಹೊಸಬ ಅನ್ನಿಸುವುದೇ ಇಲ್ಲ.

ಎಡ್ ಇವನಿಗೆ ಪೂರ್ತಿ ತದ್ವಿರುದ್ಧ. 6 ಅಡಿ 7 ಇಂಚಿನ ಆಳು, ಕೈಗೆ ಸದಾ ಕಿತ್ತಳೆ ಬಣ್ಣದ ಗ್ಲೌಸು, ದನಿ ಏರಿಸಿದ್ದನ್ನು ನಾನಂತೂ ನೋಡಿಲ್ಲ. ಇಂಥವನು ಚಿಕ್ಕ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ತೂರಿಕೊಳ್ಳುವುದನ್ನು ನೋಡುವುದೇ ಒಂದು ಮಜಾ. ಸೋಫಾಕ್ಕೆ ಇಂಜಿನ್ ಕೂರಿಸಿ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಓಡಿಸಿ 1998ರಲ್ಲಿ ಗಿನ್ನೆಸ್ ದಾಖಲೆ ಮಾಡಿದವನೂ ಇವನೇ. ಅದು ಅವನ ಇನ್ನೊಂದು ಹುಚ್ಚು, ಇಲ್ಲಿ ಬೇಡ.

ಮೊದಲು ಹೇಳಿದ ಆ ಬೋಲ್ಟಿಗೆ ಬರುತ್ತೇನೆ. ಸಸ್ಪೆನ್ಷನ್ನಿನ ಯಾವುದೋ ಮೂಲೆಯಲ್ಲಿ ಮೂವತ್ತು ವರ್ಷ ಉಪ್ಪು, ಮಳೆ, ಕೆಸರು ತಿಂದು ಕೂತಿರುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅಲ್ಲಿಯ ಕಾರುಗಳ ತಳ ಗೋರಿ ಸೇರುವುದು ಅದರಿಂದಲೇ. ಎಡ್ ಮೊದಲು ತಂತಿ ಬ್ರಷ್ಷಿನಿಂದ ಬೋಲ್ಟಿನ ಎಳೆಗಳ ತುಕ್ಕನ್ನು ಉಜ್ಜಿ ತೆಗೆಯುತ್ತಾನೆ. ಆಮೇಲೆ ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ ಸಿಂಪಡಿಸಿ ಅಷ್ಟು ಹೊತ್ತು ಬಿಡುತ್ತಾನೆ. ಅಷ್ಟಕ್ಕೂ ಜಗ್ಗದಿದ್ದರೆ ಗ್ಯಾಸ್ ಜ್ವಾಲೆಯಲ್ಲಿ ನಟ್ಟನ್ನು ಕೆಂಪಗಾಗುವವರೆಗೆ ಕಾಯಿಸುತ್ತಾನೆ. ಕಾದ ನಟ್ಟು ಹಿಗ್ಗುತ್ತದೆ, ಒಳಗಿನ ಬೋಲ್ಟು ಅಷ್ಟು ಬೇಗ ಹಿಗ್ಗುವುದಿಲ್ಲ, ನಡುವೆ ಹಿಡಿದು ಕೂತಿದ್ದ ತುಕ್ಕು ಬಿರಿಯುತ್ತದೆ. ಇನ್ನುಳಿದದ್ದು ಉದ್ದ ಹಿಡಿಯ ಪಾನಾ ಮತ್ತು ತಾಳ್ಮೆ. ಒಂದು ಕೂದಲೆಳೆಯಷ್ಟು ಮುಂದಕ್ಕೆ, ಅರ್ಧ ಕೂದಲೆಳೆ ಹಿಂದಕ್ಕೆ, ಮತ್ತೆ ಎಣ್ಣೆ. ‘ಕಟಕ್’ ಅಂತ ಒಂದು ಸದ್ದು ಬಂದ ಕ್ಷಣ, ಸೋಫಾ ಮೇಲಿದ್ದ ನಾನೂ ಬಿಗಿಹಿಡಿದ ಉಸಿರು ಬಿಡುತ್ತೇನೆ.

ನೋಡಿದ್ದಷ್ಟಕ್ಕೇ ಸುಖ ಮುಗಿಯಬಾರದು, ಜಗಳವೂ ಆಗಬೇಕು. ನಮ್ಮ ಮನೆಯ ಪ್ರೇಕ್ಷಕ ಮಂಡಳಿಯಲ್ಲಿ ನಾನು, ಹೆಂಡತಿ, ಆಗೀಗ ಬರುವ ಭಾವ (ಅಕ್ಕನ ಗಂಡ), ಅವರ ಮಗ, ಇಷ್ಟು ಮಂದಿಯ ಮೇಲೆ ತೀರ್ಪುಗಾರರಾಗಿ ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ. ಮೇಸ್ತ್ರಿ ಮೊದಲ ಸಲ ಪೂರ್ತಿ ಸಂಚಿಕೆ ನೋಡಿದ್ದು ನನ್ನ ಕಾರಿನ ಕೀ ಕೊಡಲು ಬಂದಾಗ. ಕೊನೆಯ ಜಮಾ-ಖರ್ಚು ಬಂದಾಗ ಅವರ ಹುಬ್ಬು ಗಂಟಿಕ್ಕಿತು.

“ಅದೆಲ್ಲ ಸರಿ ಸಾರ್. ಆ ಉದ್ದನೆಯವರ ಕೂಲಿ ಎಲ್ಲಿ?”

ಇಲ್ಲ. ಎಡ್‌ನ ಕೂಲಿ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಜಿನ್ ಇಳಿಸಿದ್ದು, ಗೇರ್ ಬಾಕ್ಸ್ ಬಿಚ್ಚಿದ್ದು, ತಳಕ್ಕೆ ತಗಡು ಕತ್ತರಿಸಿ ವೆಲ್ಡ್ ಮಾಡಿದ್ದು, ಎಲ್ಲವೂ ಬಿಟ್ಟಿ. ಬ್ರಿಟನ್ನಿನ ಪ್ರೇಕ್ಷಕರ ಹಳೆಯ ತಕರಾರೂ ಇದೇ. ಗಂಟೆಗಿಷ್ಟು ಅಂತ ಕೂಲಿ ಹಾಕಿದರೆ ಮೈಕ್‌ನ ಲಾಭವೆಲ್ಲ ಕೊಚ್ಚಿಹೋಗಿ ಕೈಯಿಂದ ಕೊಡಬೇಕಾದೀತು ಎಂದು ಅವರು ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಕಾರ್ಯಕ್ರಮದ ಪರ ವಹಿಸುವವರ ಉತ್ತರವೂ ಅಷ್ಟೇ ಹಳೆಯದು. ಇದು ಮನೆ ಮುಂದೆ ತನ್ನ ಕಾರನ್ನು ತಾನೇ ಬಿಚ್ಚಿಕೊಳ್ಳುವ ಹವ್ಯಾಸಿಗಾಗಿ ಮಾಡಿದ್ದು, ಭಾನುವಾರದ ಮೈಮುರಿತಕ್ಕೆ ಯಾರೂ ಬಿಲ್ ಹಾಕಿಕೊಳ್ಳುವುದಿಲ್ಲ ಅನ್ನುತ್ತಾರೆ. ನಾನು ಈ ವಾದವನ್ನು ಮೇಸ್ತ್ರಿಯ ಮುಂದಿಟ್ಟೆ. ಅವರು ಕಾಫಿ ಕುಡಿದಿಟ್ಟು, “ಹಂಗೆ ಲೆಕ್ಕ ಹಾಕಿದ್ರೆ ನನ್ನ ಗ್ಯಾರೇಜೂ ಭಾರಿ ಲಾಭದಲ್ಲಿದೆ ಬಿಡಿ” ಅಂದರು.

ಅವರಿಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಬಿಡಿಭಾಗಗಳು. ಎಡ್ ಒಂದು ಫೋನ್ ಮಾಡಿದರೆ ನಲವತ್ತು ವರ್ಷದ ಕಾರಿನ ಬಾಗಿಲ ರಬ್ಬರ್ ಹೊಸ ಪ್ಯಾಕೆಟ್ಟಿನಲ್ಲಿ ಬಂದು ಬೀಳುತ್ತದೆ. ಸುಳ್ಳಲ್ಲ. 1980ರಲ್ಲಿ ತಯಾರಿಕೆ ನಿಂತುಹೋದ ಎಂಜಿಬಿ ಕಾರಿನ ಇಡೀ ಬಾಡಿಯನ್ನೇ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಕಂಪನಿ 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಮತ್ತೆ ಮಾಡತೊಡಗಿತು. ನಮ್ಮಲ್ಲಿ ಹಳೇ ಕಾರಿಗೆ ಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು, ಅಲ್ಲಿ ಇಲ್ಲವೆಂದರೆ ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲವೆಂದರೆ ಲೇತ್ ಅಂಗಡಿಯವನಿಗೆ ಒಡೆದ ತುಂಡು ತೋರಿಸಿ ಮಾಡಿಸಿಕೊಳ್ಳಬೇಕು. “ಇದನ್ನ ತೋರಿಸ್ಲಿ ಟೀವೀಲಿ, ನಾನೂ ನೋಡ್ತೀನಿ” ಅಂದರು ಮೇಸ್ತ್ರಿ. ನಾನೂ ನೋಡುತ್ತಿದ್ದೆ.

ಅಕ್ಕನ ಮಗನ ದೇವರು ಅಮೆರಿಕದಲ್ಲಿದ್ದಾನೆ. ಟೆಕ್ಸಸ್ಸಿನ ಡಲ್ಲಾಸ್‌ನಲ್ಲಿ ಗ್ಯಾಸ್ ಮಂಕಿ ಗ್ಯಾರೇಜ್ ಇಟ್ಟಿರುವ ರಿಚರ್ಡ್ ರಾಲಿಂಗ್ಸ್. ಅವನ ‘ಫಾಸ್ಟ್ ಎನ್ ಲೌಡ್’ 2012ರಲ್ಲಿ ಶುರುವಾಯಿತು. ಅಲ್ಲಿ ಸಂಗೀತ ಜೋರು, ಬಿಯರ್ ಧಾರಾಳ. ಮೇಲಾಗಿ ಯಾವಾಗಲೂ ಒಂದು ಗಡುವು. ಇಂಥ ದಿನದೊಳಗೆ ಕಾರು ಹರಾಜಿಗೆ ಹೋಗದಿದ್ದರೆ ಮುಳುಗಿದೆವು ಅಂತ ಎಲ್ಲರೂ ಕೂಗಾಡುತ್ತಾರೆ. ಆ ಗಡುವು ಯಾರು ಕೊಟ್ಟಿದ್ದು, ದಾಟಿದರೆ ಯಾರ ತಲೆ ಹೋಗುತ್ತದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. “ನಾಳೆ ಬನ್ನಿ ಸಾರ್” ಕೇಳಿ ಬೆಳೆದ ನಮಗೆ ಇದು ಪವಾಡದ ಹಾಗೆ ಕಾಣಬೇಕು, ನನಗೆ ಮಾತ್ರ ಬರೀ ಗಲಾಟೆಯಾಗಿ ಕಾಣುತ್ತದೆ.

ಆ ಗಲಾಟೆಯಲ್ಲಿ ಏನು ಕಳೆದುಹೋಗುತ್ತದೆ ಅನ್ನುವುದಕ್ಕೆ ಬಣ್ಣದ ಕೆಲಸವನ್ನೇ ನೋಡಿ. ಮೇಸ್ತ್ರಿಯ ಗ್ಯಾರೇಜಿನ ಪೇಂಟರ್ ಪುಟ್ಟಿ ಹಚ್ಚಿ ಪ್ರೈಮರ್ ಹೊಡೆದಾದ ಮೇಲೆ, ಅದರ ಮೇಲೆ ದೂರದಿಂದ ತೆಳ್ಳಗೆ ಕಪ್ಪು ಹಾರಿಸುತ್ತಾನೆ. ನೋಡಿದರೆ ಮಾಡಿದ ಕೆಲಸ ತಾನೇ ಕೆಡಿಸಿದಂತೆ ಕಾಣುತ್ತದೆ. ಆಮೇಲೆ ಚಪ್ಪಟೆ ಕಟ್ಟಿಗೆ ಉಪ್ಪುಕಾಗದ ಸುತ್ತಿ, ನೀರು ಬಿಡುತ್ತ ಉಜ್ಜುತ್ತಾನೆ. ಸಮ ಇರುವ ಕಡೆ ಕಪ್ಪು ಅಳಿದುಹೋಗುತ್ತದೆ, ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗು. ಮತ್ತೆ ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಕಪ್ಪು. ಕೊನೆಗೆ ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಆಡಿಸುತ್ತಾನೆ, ಏಕೆಂದರೆ ಕಣ್ಣಿಗೆ ಸಿಗದ ಉಬ್ಬು ಅಂಗೈಗೆ ಸಿಗುತ್ತದೆ. ಗಡುವಿನ ಕಾರ್ಯಕ್ರಮದಲ್ಲಿ ಇದಕ್ಕೆಲ್ಲ ಸಿಗುವುದು ಒಂದು ಡ್ರಮ್ಮಿನ ಸದ್ದು, ಎರಡು ಕಟ್. ಮುಂದಿನ ಶಾಟಿನಲ್ಲಿ ಕಾರು ಫಳಫಳ.

ರಾಲಿಂಗ್ಸ್ ಬಳಗ ಅಪಘಾತವಾಗಿದ್ದ ಒಂದು ಫೆರಾರಿ ಎಫ್40 ಕೊಂಡು, ರಿಪೇರಿ ಮಾಡಿ, ಕಪ್ಪು ಬಣ್ಣ ಹೊಡೆಯಿತು. ಫೆರಾರಿ ಕಂಪನಿಗೆ 40 ತುಂಬಿದ ನೆನಪಿಗೆ 1987ರಲ್ಲಿ ಬಂದ ಕಾರದು. ಮಾಡಿದ್ದು ಸುಮಾರು 1,300, ಕಾರ್ಖಾನೆಯಿಂದ ಬಂದ ಬಣ್ಣ ಕೆಂಪು. ಮಡಿವಂತರಿಗೆ ಇದು ದೇವಸ್ಥಾನದ ಗರ್ಭಗುಡಿಗೆ ಡಿಸ್ಟೆಂಪರ್ ಹೊಡೆದಷ್ಟೇ ಆಯಿತು. ‘ನನ್ನ ದುಡ್ಡು, ನನ್ನ ಕಾರು’ ಅನ್ನುವವರು ಇನ್ನೊಂದು ಕಡೆ ನಿಂತರು. ನಮ್ಮ ಮನೆಯಲ್ಲಿ ಭಾವ ಕೆಂಪು, ಮಗ ಕಪ್ಪು. ನಾನು ಕೆಂಪಿನ ಕಡೆ, ಆದರೆ ಅಕ್ಕನ ಮಗನ ಮುಂದೆ ಹೇಳಿಲ್ಲ.

ಹೆಂಡತಿಗೆ ಹಿಡಿಸುವುದು ‘ಕಾರ್ ಎಸ್‌ಒಎಸ್’ ಒಂದೇ. 2013ರಿಂದ ಬರುತ್ತಿರುವ ಇದೂ ಬ್ರಿಟನ್ನಿನದೇ. ಕಾಯಿಲೆಯೋ ಕಷ್ಟವೋ ಬಂದು ತನ್ನ ಕಾರನ್ನು ಅರ್ಧಕ್ಕೇ ಬಿಟ್ಟ ಮಾಲೀಕ, ಅವನಿಗೆ ಗೊತ್ತಾಗದಂತೆ ಮನೆಯವರು ಬರೆದ ಪತ್ರ. ಟಿಮ್ ಷಾ, ಫಝ್ ಟೌನ್‌ಶೆಂಡ್ ಇಬ್ಬರೂ ಏನೋ ನೆಪ ಹೂಡಿ ಕಾರು ಸಾಗಿಸಿಕೊಂಡು ಹೋಗಿ, ಹೊಸದರಂತೆ ಮಾಡಿ, ಒಂದು ದಿನ ಮಾಲೀಕನ ಎದುರು ಪರದೆ ಸರಿಸುತ್ತಾರೆ. ಫಝ್ ಹಿಂದೆ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು, ಈಗ ಸುತ್ತಿಗೆ. ಇದರಲ್ಲಿ ಲಾಭ-ನಷ್ಟದ ಪಟ್ಟಿ ಇಲ್ಲ, ಹಾಗಾಗಿ ಕೂಲಿಯ ಜಗಳವೂ ಇಲ್ಲ. “ನಿಮ್ಮ ಬೋಲ್ಟು ಗೀಲ್ಟು ಏನಾದ್ರೂ ಇರ್ಲಿ, ಆ ಮನುಷ್ಯನ ಮುಖ ನೋಡ್ರೀ” ಅನ್ನುತ್ತಾಳೆ. ಅಳಿಸಲಿಕ್ಕೆಂದೇ ಹೆಣೆದ ಕೊನೆ ಅಂತ ನನಗೆ ಗೊತ್ತು. ಆ ಹೊತ್ತಿಗೆ ನಾನು ಲೋಟ ಇಡಲು ಅಡುಗೆಮನೆಗೆ ಹೋಗಿರುತ್ತೇನೆ, ಅದು ಅವಳಿಗೆ ಗೊತ್ತು.

‘ವೀಲರ್ ಡೀಲರ್ಸ್’ ಪ್ರೇಕ್ಷಕರ ದೊಡ್ಡ ಬಂಡಾಯ ನಡೆದದ್ದು 2017ರ ಮಾರ್ಚ್‌ನಲ್ಲಿ. ಕಾರ್ಯಕ್ರಮದ ಉಸ್ತುವಾರಿ ಡಿಸ್ಕವರಿ ಬಳಗದ್ದೇ ಅಮೆರಿಕನ್ ಚಾನೆಲ್ ವೆಲಾಸಿಟಿಗೆ ಹೋಗಿತ್ತು. ರಿಪೇರಿಯ ವಿವರವಾದ ದೃಶ್ಯಗಳನ್ನು ಚಿತ್ರೀಕರಿಸುವುದು ಕಷ್ಟ, ಅವನ್ನು ಕಮ್ಮಿ ಮಾಡಿ ಅನ್ನುತ್ತಿದ್ದಾರೆ, ಹಾಗಾಗಿ ಬಿಡುತ್ತಿದ್ದೇನೆ ಎಂದು ಎಡ್ ಒಂದು ವಿಡಿಯೊ ಮಾಡಿ ಹೇಳಿದ. ಜನ ರೊಚ್ಚಿಗೆದ್ದರು. ಬೈಗುಳ ಬಿದ್ದದ್ದು ಉಳಿದುಕೊಂಡ ಮೈಕ್‌ನ ಮೇಲೆ. ಎಡ್‌ನ ಜಾಗಕ್ಕೆ ಬಂದ ಆಂಟ್ ಆನ್‌ಸ್ಟೆಡ್ ಕಾರನ್ನು ತಾನೇ ಕಟ್ಟಬಲ್ಲ ಕಸುಬುದಾರ, ಆದರೆ ಅವನು ಪಾನಾ ಹಿಡಿಯುವ ಮೊದಲೇ ಬಹಳ ಜನ ಅಂಕ ಕೊಟ್ಟು ಮುಗಿಸಿದ್ದರು. ಅವನ ನಂತರ ಫಾರ್ಮುಲಾ ಒನ್‌ನ ಮೆಕ್ಲಾರೆನ್ ತಂಡದಲ್ಲಿ ಮೆಕ್ಯಾನಿಕ್ ಆಗಿದ್ದ ಮಾರ್ಕ್ ಪ್ರೀಸ್ಟ್ಲಿ ಬಂದ. ಸ್ಟಾರು, ಕಥೆ, ಮೊಮ್ಮಕ್ಕಳ ಮದುವೆ ಯಾವುದೂ ಇಲ್ಲದೆ, ಇಂಜಿನ್ ಬಿಚ್ಚುವುದನ್ನು ಇನ್ನಷ್ಟು ನಿಧಾನವಾಗಿ ತೋರಿಸಿ ಅಂತ ಜನ ಜಗಳ ಆಡಿದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ನಾವು ಕೇಳಿದ್ದು ನಮಗೆ ಸಿಕ್ಕಿಯೂ ಬಿಟ್ಟಿದೆ. ಎಡ್ ಈಗ ‘ವರ್ಕ್‌ಶಾಪ್ ಡೈರೀಸ್’ ಅಂತ ಯೂಟ್ಯೂಬಿನಲ್ಲಿ ತನ್ನದೇ ಕಾರ್ಯಕ್ರಮ ನಡೆಸುತ್ತಾನೆ. ಅಲ್ಲಿ ಅವನ ಕೈ ತಡೆಯುವವರಿಲ್ಲ, ಬೇಕಾದಷ್ಟು ಬೋಲ್ಟು. ಹಿಗ್ಗಿನಿಂದ ನೋಡಲು ಕೂತೆ. ನೋಡುತ್ತ ನೋಡುತ್ತ ಏನೋ ಕೊರತೆ ಅನ್ನಿಸತೊಡಗಿತು. ಯಾರೋ ಬಂದು, ಮುಖ ಸಿಂಡರಿಸಿ, ಇದಕ್ಕೆ ಇಷ್ಟೇ ಕೊಡೋದು ಅನ್ನಬೇಕಿತ್ತು. ವರ್ಷಗಟ್ಟಲೆ ನಾನು ಕಾಫಿಗೆ ಎದ್ದು ಹೋಗುತ್ತಿದ್ದದ್ದು ಮೈಕ್ ಬಂದಾಗಲೇ. ಅವನು ಅಷ್ಟಕ್ಕೆ ಕೊಂಡು ಇಷ್ಟಕ್ಕೇ ಮಾರಬೇಕು ಅನ್ನುವ ಗುಮ್ಮ ತಲೆಯ ಮೇಲಿದ್ದುದರಿಂದಲೇ ಎಡ್ ಎಷ್ಟೋ ಸಲ ಹೊಸ ಭಾಗ ಕೊಳ್ಳದೆ ಹಳೆಯದನ್ನು ಬಿಚ್ಚಿ ತೊಳೆದು ಕೂರಿಸುತ್ತಿದ್ದ. ನಾನು ಮೆಚ್ಚುತ್ತಿದ್ದ ಕೈಚಳಕದ ಅರ್ಧ ಹುಟ್ಟಿದ್ದು ಆ ಜಿಪುಣತನದಿಂದ. ಮೇಸ್ತ್ರಿಗೆ ಇದನ್ನು ಹೇಳಿದರೆ, “ಗಿರಾಕಿ ಕಾಟ ಇಲ್ದೆ ಕೆಲಸ ಎಲ್ಲಿ ಕಲಿಯೋಕಾಗುತ್ತೆ ಸಾರ್” ಎಂದು ನಕ್ಕರು.

ಈಗ ಅವರಿಗೆ ಭಾವನ ಕಾಟ ಶುರುವಾಗಿದೆ. ಅವರ ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಹಿಡಿ ಇರುವುದು, ಶೆಡ್ಡಿನಲ್ಲಿ ನಿಂತಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರದ ವಿಂಟೇಜ್ ನಂಬರ್ ಕೊಡುವ ನಿಯಮವನ್ನು 2021ರಲ್ಲಿ ಕೇಂದ್ರ ಸರ್ಕಾರ ತಂದಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಗುರುತು ಸಿಗದಂತೆ ಬದಲಾಗಿರಬಾರದು. ಭಾವ ಆ ನಿಯಮದ ಪ್ರಿಂಟ್ ತೆಗೆಸಿ ಮಡಚಿ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಎದ್ದು ಬಂದು ಎಸ್ಟಿಮೇಟ್ ಬರೆದುಕೊಟ್ಟರು. ಮೊದಲನೇ ಸಾಲಿನಲ್ಲೇ, ದೊಡ್ಡ ಅಕ್ಷರದಲ್ಲಿ, ಲೇಬರ್. ಭಾವ ಅರ್ಧ ರೇಟು ಹೇಳಿ ಕೈ ಚಾಚಿದರು, ಮೇಸ್ತ್ರಿ ತಮ್ಮ ಕೈಗೆ ಗ್ರೀಸ್ ಆಗಿದೆ ಅಂದರು. ಕೊನೆಗೆ ಹೇಗೋ ರೇಟು ಕುದುರಿತು. ಬಣ್ಣದ್ದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಭಾವನಿಗೆ ಅಪ್ಪ ಓಡಿಸುತ್ತಿದ್ದಾಗಿನ ಕ್ರೀಮ್ ಬಣ್ಣವೇ ಬೇಕು. ನಿಯಮದಲ್ಲಿ ಬಣ್ಣದ ಮಾತು ಎಲ್ಲಿದೆ ತೋರಿಸು ಅಂತ ಮಗ ಪಟ್ಟು ಹಿಡಿದಿದ್ದಾನೆ.